ಸ್ಕ್ರೂ ಗಟ್ಟಿ, ಮೂಳೆ?

ಅಮ್ಮ ನನ್ನ ಜೊತೆ ಇರಲು ಬಂದಾಗ ಬೆನ್ನಿನ ಆಪರೇಷನ್ನಿನ ಫೈಲ್ ಪೂರ್ತಿ ತಂದಿದ್ದಳು. ಹಾಕಿದ ಸ್ಕ್ರೂಗಳ ಪ್ಯಾಕೆಟ್ಟಿನ ಸ್ಟಿಕರ್ ಕೂಡ ಇತ್ತು. ಇಲ್ಲಿನ ಡಾಕ್ಟರಮ್ಮ ಎಲ್ಲ ತಿರುವಿ ಹಾಕಿ ಒಂದೇ ಮಾತು ಕೇಳಿದರು: "ಆಪರೇಷನ್ನಿಗೆ ಮುಂಚಿನ ಬೋನ್ ಡೆನ್ಸಿಟಿ ರಿಪೋರ್ಟ್ ಎಲ್ಲಿ?"

ಇರಲಿಲ್ಲ. ನನಗೆ ನಾಚಿಕೆಯಾಯಿತು, ಊರಿನ ಮೇಲೆ ಸಿಟ್ಟೂ ಬಂತು. ಅಲ್ಲಿ ನಮ್ಮವರ ವಿಚಾರಣೆಯೆಲ್ಲ ಲೋಹದ ಮೇಲೆ. ಟೈಟಾನಿಯಮ್ಮೋ ಸ್ಟೀಲೋ? ಯಾವ ಕಂಪನಿ? ಎಷ್ಟು ವರ್ಷ ಬಾಳಿಕೆ? ಅದನ್ನು ಹಿಡಿದುಕೊಳ್ಳಬೇಕಾದ ಮೂಳೆ ಹೇಗಿದೆ ಅಂತ ಒಬ್ಬರೂ ಕೇಳುವುದಿಲ್ಲ. ಇಲ್ಲಿ ಮೊದಲ ಪ್ರಶ್ನೆಯೇ ಅದು.

ಎಕ್ಸ್-ರೇಯಲ್ಲಿ ಕೆಳಗಿನ ಎರಡು ಸ್ಕ್ರೂಗಳ ಸುತ್ತ ಕಪ್ಪು ಗೆರೆ ಇತ್ತು. ಅಲ್ಲಿ ಮೂಳೆ ಕರಗಿದೆಯಂತೆ. ಗೆರೆ ಒಂದು ಮಿಲಿಮೀಟರ್ ದಾಟಿದರೆ ಸ್ಕ್ರೂ ಸಡಿಲ ಅಂತ ಲೆಕ್ಕ. ಬೆನ್ನಿನ ಬುಡದ ಸೇಕ್ರಮ್ ಮೂಳೆಯಲ್ಲಿ ಇದು ಜಾಸ್ತಿ. ಅಲ್ಲಿ ಭಾರ ಹೆಚ್ಚು, ಒಳಗಿನ ಮೂಳೆ ಮೆತ್ತಗೆ. ಮಣ್ಣುಗೋಡೆಗೆ ಹೊಡೆದ ಗೂಟದ ಹಾಗೆ ಸ್ಕ್ರೂ ಚೂರು ಅಲ್ಲಾಡುತ್ತದೆ, ಸುತ್ತಲಿನ ಮೂಳೆ ಸವೆಯುತ್ತದೆ, ಸವೆದಷ್ಟೂ ಇನ್ನೂ ಅಲ್ಲಾಡುತ್ತದೆ. ಕೆಲವೊಮ್ಮೆ ಜ್ವರವೂ ಬಾರದ ಸಣ್ಣ ಸೋಂಕು ಕಾರಣವಾಗುತ್ತದೆ ಅಂತ ರಕ್ತಪರೀಕ್ಷೆ ಮಾಡಿಸಿದರು. ಅದೇನೂ ಇರಲಿಲ್ಲ. ಬೆನ್ನಲ್ಲಿ ಲೋಹ ಇದ್ದುದರಿಂದ ತೊಡೆಯ ಕೀಲಿನಲ್ಲಿ ಡೆಕ್ಸಾ ಸ್ಕ್ಯಾನ್, ಅಂದರೆ ಬೋನ್ ಡೆನ್ಸಿಟಿ ಅಳೆಯುವ ಪರೀಕ್ಷೆ ಮಾಡಿದರು. ಅದರಲ್ಲಿ ಬರುವ ಟಿ-ಸ್ಕೋರ್ ಅನ್ನೋ ಅಂಕ ಮೈನಸ್ 2.5ಕ್ಕೆ ಇಳಿದರೇ ಮೂಳೆ ಟೊಳ್ಳು ಅನ್ನುತ್ತಾರೆ. ಅಮ್ಮನದು ಮೈನಸ್ 3.1.

ಊರಿಗೆ ಫೋನ್ ಮಾಡಿದೆ. "ಅವರು ಸರಿಯಾಗಿ ಟೈಟ್ ಮಾಡಿಲ್ಲ ಬಿಡೋ, ಅಮ್ಮ ಸುಮ್ನೆ ಮಲಗಿರಲಿ," ಅಂದ ಅಣ್ಣ. ಮತ್ತೆ ಸ್ಕ್ರೂ! ಮಲಗಿದ್ದರೆ ಮೂಳೆ ಇನ್ನಷ್ಟು ಸವೆಯುತ್ತೆ ಮಾರಾಯ ಅಂದೆ. ಇಲ್ಲಿಯವರು ದಿನಾ ನಡೆಯಲು ಹೇಳಿದ್ದಾರೆ, ಮೂಳೆಗೆ ಔಷಧಿ ಶುರು ಮಾಡಿದ್ದಾರೆ. ಮೊದಲೇ ಗೊತ್ತಿದ್ದರೆ ಕೆಲವು ತಿಂಗಳು ಮೂಳೆ ಬೆಳೆಸುವ ಟೆರಿಪ್ಯಾರಟೈಡ್ ಇಂಜೆಕ್ಷನ್ ಕೊಟ್ಟು ಆಮೇಲೆ ಸ್ಕ್ರೂ ಹಾಕಬಹುದಿತ್ತು, ಇಲ್ಲವೇ ಸ್ಕ್ರೂ ಸುತ್ತ ಸಿಮೆಂಟ್ ತುಂಬಬಹುದಿತ್ತು.

ಸರಿ, ಇದನ್ನೂ ಹೇಳಿಬಿಡುತ್ತೇನೆ. ಈ ಡಾಕ್ಟರಮ್ಮನನ್ನು ನೋಡಲು ಎರಡು ತಿಂಗಳು ಕಾದಿದ್ದೇವೆ. ಊರಿನ ಸರ್ಜನ್ ಭಾನುವಾರವೂ ಫೋನ್ ಎತ್ತುತ್ತಿದ್ದರು. ಅವರ ಕೆಲಸವೂ ಕೆಟ್ಟಿಲ್ಲ. ಸ್ಕ್ರೂ, ರಾಡು ಎಲ್ಲ ಬೆನ್ನಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುವವರೆಗೆ ಮಾತ್ರ, ತಾರಸಿ ಗಟ್ಟಿಯಾಗುವವರೆಗಿನ ಸೆಂಟ್ರಿಂಗ್ ಕಂಬದ ಹಾಗೆ ಅಷ್ಟೇ. ಅಮ್ಮನ ಮೂಳೆಗಳು ಬೆಸೆದುಕೊಂಡಿವೆ ಅಂತ ಸಿಟಿ ಸ್ಕ್ಯಾನ್ ಹೇಳಿತು. ನೋವೂ ಇಲ್ಲ. ಸಡಿಲವಾದ ಸ್ಕ್ರೂ ಹಾಗೇ ಇರಲಿ ಅಂದರು ಡಾಕ್ಟರಮ್ಮ.

ಮೊನ್ನೆ ಫೈಲ್ ಜೋಡಿಸುವಾಗ ತಳದಲ್ಲಿ ಒಂದು ಚೀಟಿ ಸಿಕ್ಕಿತು. ಊರಿನ ಸರ್ಜನ್ ಕೈಬರಹ: ಡೆಕ್ಸಾ. ಆಪರೇಷನ್ನಿಗೆ ಮೂರು ವಾರ ಮುಂಚಿನ ತಾರೀಖು. "ಇನ್ನೊಂದು ಸ್ಕ್ಯಾನ್ ಯಾಕಮ್ಮ, ಮೊದಲು ಆಪರೇಷನ್ ಮುಗಿಸಿ," ಅಂತ ಫೋನಿನಲ್ಲಿ ಹೇಳಿದ್ದು ನಾನೇ.