ದೂರು ಕೊಡಲು ಬಂದವನೇ ಉತ್ತರ ಹೇಳಬೇಕು

ಕೂಲಿಯವರು, ಅಲೆಮಾರಿಗಳು ಪೊಲೀಸ್ ಠಾಣೆ ಅಂದರೆ ಯಾಕೆ ಹೆದರುತ್ತಾರೆ ಅಂತ ಕೇಳಿದರೆ ಸಾಕು, ‘ಪೊಲೀಸರಲ್ಲೂ ಒಳ್ಳೆಯವರಿದ್ದಾರೆ’ ಅಂತ ಯಾರಾದರೂ ಅಡ್ಡ ಬರುತ್ತಾರೆ. ಇದ್ದಾರಪ್ಪ, ಇಲ್ಲ ಅಂದವರ್ಯಾರು? ಕೇಳಿದ್ದು ಅದಲ್ಲ.

ಮೊಬೈಲ್ ಕಳವಾಯ್ತು ಅಂತ ಗಾರೆ ಕೆಲಸದವನೊಬ್ಬ ಠಾಣೆಗೆ ಹೋದರೆ ಏನಾಗುತ್ತದೆ ನೋಡಿ. ಬಾಗಿಲಲ್ಲೇ ‘ಏನೋ? ಯಾವೂರು ನಿಂದು?’ ಆಮೇಲೆ ‘ಬಿಲ್ ಐತಾ? ನೀನೇ ಎಲ್ಲಿಂದ ಎತ್ಕೊಂಡು ಬಂದಿದ್ಯೋ!’ ಕಳೆದುಕೊಂಡವನೇ ಸಾಕ್ಷಿ ತೋರಿಸಬೇಕು. ಅರ್ಜಿ ಬರೆಸಿಕೊಂಡು ಬಾ ಅಂತಾರೆ; ಯಾರ ಕೈಕಾಲೋ ಹಿಡಿದು ಬರೆಸಿಕೊಂಡು ಬಂದರೆ ಸಾಹೇಬ್ರು ರೌಂಡ್ಸ್‌ಗೆ ಹೋಗಿರುತ್ತಾರೆ. ಆ ದಿನದ ಕೂಲಿಯೂ ಹೋಯಿತು. ಮರುದಿನ ಅವನು ಬರುವುದಿಲ್ಲ. ಆದರೆ ಅದೇ ಏರಿಯಾದಲ್ಲಿ ದೊಡ್ಡವರ ಮನೆ ಕಳವಾಗಲಿ, ಜೀಪು ಮೊದಲು ಬಂದು ನಿಲ್ಲುವುದು ಅವನ ಶೆಡ್ಡಿನ ಮುಂದೆ.

ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆಯೇ ಪೊಲೀಸರು ಬಂಧಿಸಬಹುದಾದ ಅಪರಾಧದ, ಮಾಹಿತಿ ಸಿಕ್ಕರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಇದು ಇನ್‌ಸ್ಪೆಕ್ಟರಿಗೂ ಗೊತ್ತು, ವಕೀಲರನ್ನು ಕರೆದುಕೊಂಡು ಬರುವವರಿಗೂ ಗೊತ್ತು.

ಬಡವನನ್ನೇ ಕಳ್ಳ ಅಂತ ನೋಡುವ ಈ ಅನುಮಾನಕ್ಕೆ ವಯಸ್ಸಾಗಿದೆ. 1857ರ ದಂಗೆಯ ಬಿಸಿ ಆರುವ ಮೊದಲೇ ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯ್ದೆ ತಂದರು. ಪ್ರಜೆಗಳ ಸೇವೆ ಅವರ ತಲೆಯಲ್ಲಿ ಇರಲಿಲ್ಲ ಅಂತ ಬಿಡಿಸಿ ಹೇಳಬೇಕಿಲ್ಲ. ಹತ್ತೇ ವರ್ಷಕ್ಕೆ, 1871ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಇಡೀ ಸಮುದಾಯಗಳೇ ಹುಟ್ಟಾ ಕಳ್ಳರು ಅಂತ ದಾಖಲಾದವು. ತಪ್ಪು ಮಾಡದವನೂ ಹಾಜರಿ ಹಾಕಬೇಕು, ಊರು ಬಿಡಲು ಪಾಸ್ ಬೇಕು. 1952ರಲ್ಲಿ ಅದು ರದ್ದಾಯಿತು. ಆದರೆ ಹಲವು ರಾಜ್ಯಗಳು ‘ರೂಢಿಗತ ಅಪರಾಧಿ’ ಅನ್ನುವ ಹೆಸರಲ್ಲಿ ಬೇರೆ ಕಾನೂನು ಇಟ್ಟುಕೊಂಡವು. ಹಿಂದುಳಿದ, ಬಡ ಸಮುದಾಯಗಳ ಅಮಾಯಕರ ಹೆಸರನ್ನು ಹಿಸ್ಟರಿ ಶೀಟಿಗೆ (ನಿಗಾ ಇಡಬೇಕಾದವರ ಬಗ್ಗೆ ಠಾಣೆ ಇಟ್ಟುಕೊಳ್ಳುವ ದಾಖಲೆಗೆ) ಯಾಂತ್ರಿಕವಾಗಿ ಸೇರಿಸಬೇಡಿ ಅಂತ 2024ರಲ್ಲೂ ಸುಪ್ರೀಂ ಕೋರ್ಟ್ ಹೇಳಬೇಕಾಯಿತು ಅಂದರೆ, ರದ್ದಾದದ್ದು ಕಾಗದದಲ್ಲಿ ಮಾತ್ರ ಅನ್ನಿಸುವುದಿಲ್ಲವೇ?

ಕಾನ್‌ಸ್ಟೆಬಲ್ ಕೂಡ ಬಡವರ ಮನೆ ಮಗನೇ ಅಂತೀರಿ. ಒಪ್ಪುತ್ತೇನೆ. ಬಂದೋಬಸ್ತಿನಲ್ಲಿ ಇಡೀ ದಿನ ಬಿಸಿಲಿಗೆ ನಿಂತು, ರಜೆ ಕೇಳಿ ಬೈಸಿಕೊಂಡು, ಮೇಲಿನವರಿಂದ ಏಕವಚನ ಕೇಳಿ ಕೇಳಿ ರೋಸಿ ಹೋಗಿರುತ್ತಾನೆ. ಆದರೆ ಆ ಸಿಟ್ಟು ಯಾವತ್ತಾದರೂ ಮೇಲಕ್ಕೆ ತಿರುಗಿದ್ದುಂಟೆ? ಚಪ್ಪಲಿ ಬಿಟ್ಟು ಒಳಗೆ ಬಂದವನ ಮೇಲೇ ಅದು ಇಳಿಯುತ್ತದೆ. ಕಾನ್‌ಸ್ಟೆಬಲ್ ಸಂಕಟಕ್ಕೆ ಮರುಗೋಣ, ಬೈಗುಳಕ್ಕೆ ರಿಯಾಯಿತಿ ಬೇಡ.

ಪ್ರತಿ ಠಾಣೆಗೂ ಸಿಸಿ ಕ್ಯಾಮೆರಾ ಹಾಕಿ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದಾಗ ಲಾಕಪ್ಪಿನ ಜೊತೆ ರಿಸೆಪ್ಷನ್ನನ್ನೂ ಸೇರಿಸಿತ್ತು. ಲಾಕಪ್ಪಿನ ದೃಶ್ಯ ಯಾರಾದರೂ ಸತ್ತ ಮೇಲಾದರೂ ಹೊರಗೆ ಬರುತ್ತದೆ (ಎಷ್ಟೋ ಸಲ ಕ್ಯಾಮೆರಾ ‘ಕೆಟ್ಟಿರುತ್ತದೆ’, ಆ ಮಾತು ಬೇರೆ). ರಿಸೆಪ್ಷನ್ನಿನದನ್ನು ಕೇಳುವವರೇ ಇಲ್ಲ. ‘ಜನಸ್ನೇಹಿ ಪೊಲೀಸ್’ ಬೋರ್ಡಿಗೆ ಬಣ್ಣ ಹೊಡೆಸುವ ಬದಲು ಮೇಲಧಿಕಾರಿಗಳು ವಾರಕ್ಕೊಮ್ಮೆ ಆ ರಿಸೆಪ್ಷನ್ ದೃಶ್ಯ ಹಾಕಿಸಿಕೊಂಡು ನೋಡಲಿ. ಯಾರಿಗೆ ಕುರ್ಚಿ ಕೊಟ್ಟರು, ಯಾರನ್ನು ನಿಲ್ಲಿಸಿದರು, ಯಾರು ದೂರಿನ ಸ್ವೀಕೃತಿ ಚೀಟಿ ಇಲ್ಲದೆ ವಾಪಸ್ ಹೋದರು ಅಂತ ಸಿಬ್ಬಂದಿಯನ್ನು ಕೂರಿಸಿಕೊಂಡು ಕೇಳಲಿ.