ಆ ಅಲೆಯ ‘ಒರಿಜಿನಲ್’ ಎಲ್ಲಿದೆ?

ಅಕ್ಕನ ಮಗಳಿಗೆ ಎಂಟು ವರ್ಷ. ಜಪಾನಿನ ಚಿತ್ರಕಾರ ಹೊಕುಸಾಯ್‌ನ ದೊಡ್ಡ ಅಲೆಯ ಚಿತ್ರ ಮುಂದಿಟ್ಟು, ‘ಇದರಲ್ಲಿ ಬೆಟ್ಟ ಎಲ್ಲಿದೆ ಹುಡುಕು’ ಅಂದೆ, ಅಷ್ಟೇ. ಮೂರು ದೋಣಿ ಸಿಕ್ಕವು, ಅವುಗಳಲ್ಲಿ ಮುದುಡಿ ಕೂತವರು ಸಿಕ್ಕರು, ಅಲೆಯ ತುದಿಯ ಉಗುರುಗಳು ಸಿಕ್ಕವು. ಫ್ಯೂಜಿ ಬೆಟ್ಟ ಸಿಕ್ಕಿದ್ದು ಕೊನೆಗೆ. ‘ಅದೂ ಅಲೆ ಅಂದ್ಕೊಂಡಿದ್ದೆ ಚಿಕ್ಕಮ್ಮಾ!’

ಮಕ್ಕಳಿಗೆ ಹೊಕುಸಾಯ್ ಬಗ್ಗೆ ಹೇಳುವಾಗ ‘ಮಹಾನ್ ಪ್ರತಿಭೆ’ ಅಂತ ಶುರುಮಾಡುವುದಕ್ಕೇ ನನ್ನ ತಕರಾರು. 1760ರಲ್ಲಿ ಎಡೋದಲ್ಲಿ, ಅಂದರೆ ಇವತ್ತಿನ ಟೋಕಿಯೋದಲ್ಲಿ ಹುಟ್ಟಿದ ಅಂದರೆ ಸಾಕು. ಆಮೇಲೆ ಮಜಾ ಇರುವುದನ್ನು ಹೇಳಿ. ಮನೆ ಬದಲಿಸಿದ್ದು 93 ಸಲ ಅಂತಾರೆ. ಹೆಸರು ಬದಲಿಸಿದ್ದು 30ಕ್ಕೂ ಹೆಚ್ಚು ಸಲ. 1817ರಲ್ಲಿ ನಗೋಯಾದಲ್ಲಿ ಜನರ ಎದುರೇ 120 ಚಾಪೆ ಹಾಸಿದಷ್ಟು ದೊಡ್ಡ ಕಾಗದದ ಮೇಲೆ ದರುಮನನ್ನು ಬರೆದ. (ದರುಮ ಅಂದರೆ ನಮ್ಮ ಕಡೆಯಿಂದ ಹೋದ ಬೌದ್ಧ ಗುರು ಬೋಧಿಧರ್ಮನೇ.)

ಆದರೆ ಅವಳು ನಿಜಕ್ಕೂ ಬೆಚ್ಚಿದ್ದು ಬೇರೆ ಮಾತಿಗೆ. ಆಲೂಗಡ್ಡೆ ಅರ್ಧ ಕತ್ತರಿಸಿ, ಅವಳು ಹೇಳಿದಂತೆ ‘ಗ’ ಕೆತ್ತಿಕೊಟ್ಟೆ. ಬಣ್ಣ ಹಚ್ಚಿ ಒತ್ತಿದರೆ ಅಕ್ಷರ ತಿರುಗುಮುರುಗು! ಆಗ ಹೇಳಿದೆ: ಹೊಕುಸಾಯ್ ತೆಳು ಕಾಗದದ ಮೇಲೆ ಬರೆದುಕೊಡುತ್ತಿದ್ದ. ಕೆತ್ತುವವನು ಅದನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆ ಉಳಿಸಿ ಸುತ್ತಲಿನದ್ದನ್ನು ಕೆತ್ತಿ ತೆಗೆಯುತ್ತಿದ್ದ. ಬರೆದ ಚಿತ್ರ ಅಲ್ಲೇ ಹಾಳು. ಬಣ್ಣಗಳಿಗೆ ಬೇರೆ ಹಲಗೆಗಳು. ಅಚ್ಚು ಹಾಕುವವನು ಒದ್ದೆ ಕಾಗದವಿಟ್ಟು ಹಿಂದಿನಿಂದ ಉಜ್ಜಬೇಕು. ಇದಕ್ಕೆಲ್ಲ ದುಡ್ಡು ಹಾಕಿದವನು ನಿಶಿಮುರಾಯಾ ಯೊಹಾಚಿ ಅನ್ನುವ ಪ್ರಕಾಶಕ.

‘ಹಾಗಾದ್ರೆ ಒರಿಜಿನಲ್ ಎಲ್ಲಿದೆ?’

ಇಲ್ಲ ಪುಟ್ಟಿ. ಮ್ಯೂಸಿಯಂಗಳಲ್ಲಿ ಇರುವುದೆಲ್ಲ ಅಚ್ಚಿನ ಪ್ರತಿಗಳೇ. ಕೆತ್ತಿದವನ ಹೆಸರು ಚಿತ್ರದ ಮೇಲೆ ಇಲ್ಲ. ನನಗೆ ಇದು ಯಾವ ‘ಜೀನಿಯಸ್’ ಕತೆಗಿಂತಲೂ ದೊಡ್ಡದು.

ಇನ್ನೊಂದು. 1834ರಲ್ಲಿ ಹೊಕುಸಾಯ್ ಬರೆದುಕೊಂಡಿದ್ದಾನೆ, ಎಪ್ಪತ್ತಕ್ಕೆ ಮುಂಚೆ ಬರೆದದ್ದರಲ್ಲಿ ಹುರುಳಿಲ್ಲ, 110ನೇ ವಯಸ್ಸಿಗೆ ನನ್ನ ಪ್ರತಿ ಚುಕ್ಕೆಗೂ ಜೀವ ಬರುತ್ತದೆ ಅಂತ. ದಯವಿಟ್ಟು ಇದನ್ನು ‘ನೋಡು, ಕಷ್ಟಪಡಬೇಕು’ ಅನ್ನಲು ಬಳಸಬೇಡಿ. ಅವಳಂತೂ ‘ಎಷ್ಟು ಆಸೆ ತಾತಂಗೆ!’ ಅಂತ ನಕ್ಕಳು. 88ಕ್ಕೇ ಹೋಗಿಬಿಟ್ಟ ಅಂದಾಗ ಸ್ವಲ್ಪ ಹೊತ್ತು ಸುಮ್ಮನಾದಳು.

ಸಂಜೆ ಇನ್ನೊಂದು ಆಲೂಗಡ್ಡೆ ಹೋಯಿತು. ಪಲ್ಯಕ್ಕೆ ಉಳಿದದ್ದು ಎರಡೇ. ಅವಳ ಬೆಟ್ಟ, ನನ್ನ ಚಾಕು. ಒತ್ತಿದ ಹಾಳೆಯ ಮೂಲೆಯಲ್ಲಿ ತನ್ನ ಹೆಸರು ಬರೆದು, ಪೆನ್ಸಿಲ್ ಎತ್ತಿ ಕೇಳಿದಳು: ‘ನಿನ್ ಹೆಸ್ರೂ ಹಾಕ್ಲಾ?’