ನಿಖಿಲ ಬೇರೆ, ನಿಹಿಲ್ ಬೇರೆ

ಫ್ಯಾಮಿಲಿ ಗ್ರೂಪಿಗೆ ಮತ್ತೆ ಅದೇ ಫಾರ್ವರ್ಡ್ ಬಂದಿದೆ. ಹಳೆಯ ರೋಮನ್ನರ ಭಾಷೆಯಾದ ಲ್ಯಾಟಿನ್ನಿನ ‘ನಿಹಿಲ್’ ಹುಟ್ಟಿದ್ದು ನಮ್ಮ ಸಂಸ್ಕೃತದ ‘ನಿಖಿಲ’ದಿಂದ ಅಂತೆ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಓದಿ ನಿಜಕ್ಕೂ ಸಿಟ್ಟು ಬಂತು. ನಿಖಿಲ ಅಂದರೆ ಸಮಸ್ತ, ಒಂದೂ ಬಿಡದೆ ಎಲ್ಲ. ನಿಹಿಲ್ ಅಂದರೆ ಏನೂ ಇಲ್ಲ. ಮಗನಿಗೆ ನಿಖಿಲ್ ಅಂತ ಪ್ರೀತಿಯಿಂದ ಹೆಸರಿಟ್ಟವರು ಇದನ್ನು ಓದಿದರೆ ಅವರಿಗೆ ಹೇಗಾಗಬೇಡ?

ನನಗೆ ಜಾಸ್ತಿ ಬೇಜಾರಾಗುವುದು ಯಾಕೆಂದರೆ ನಿಹಿಲ್ ಪದದ ನಿಜವಾದ ಕಥೆ ಎಷ್ಟು ಚೆನ್ನಾಗಿದೆ ಗೊತ್ತಾ! ‘ನೆ’ ಅಂದರೆ ಅಲ್ಲ. ‘ಹಿಲುಮ್’ ಅಂದರೆ ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಎರಡೂ ಸೇರಿ ನಿಹಿಲುಮ್ ಆಯಿತು, ಅದು ಸವೆದು ನಿಹಿಲ್, ಇನ್ನೂ ಸವೆದು ನಿಲ್. ಫುಟ್‌ಬಾಲ್ ನೋಡುವಾಗ ‘ಟೂ ನಿಲ್’ ಅಂತ ಕೇಳುತ್ತೇವಲ್ಲ, ಅದೇ ಇದು.

ಈ ಹಿಲುಮ್ ಅಂದರೆ ಏನು ಅಂತ ರೋಮನ್ನರಿಗೂ ಕುತೂಹಲ ಇತ್ತು. ಹುರುಳಿಕಾಯಿ ಜಾತಿಯ ಕಾಳಿಗೆ ಅಂಟಿಕೊಂಡಿರುವ ಚೂರು ಇರಬೇಕು ಅನ್ನುವ ಅವರ ವಿವರಣೆ ಫೆಸ್ಟಸ್ ಅನ್ನುವವನ ಪದಕೋಶದಲ್ಲಿ ಉಳಿದುಕೊಂಡಿದೆ. ಅವರೆಕಾಯಿ ಸುಲಿಯುವಾಗ ಒಂದು ಕಾಳನ್ನು ಕೈಯಲ್ಲಿ ಹಿಡಿದು ನೋಡಿ. ಅಂಚಿನಲ್ಲಿ ಬೆಳ್ಳಗೆ ಒಂದು ಗೀರು ಇರುತ್ತದೆ, ಕಾಳು ಸಿಪ್ಪೆಗೆ ಅಂಟಿಕೊಂಡಿದ್ದ ಜಾಗ ಅದು. ರೋಮನ್ನರ ಕಾಳು ಬೇರೆ, ಜಾಗ ಮಾತ್ರ ಅದೇ. ಸಸ್ಯಶಾಸ್ತ್ರದವರು ಇವತ್ತಿಗೂ ಆ ಜಾಗಕ್ಕೆ ಹೈಲಮ್ ಅಂತಲೇ ಹೇಳುತ್ತಾರೆ. ಅಷ್ಟೂ ಇಲ್ಲ ಅನ್ನುವುದೇ ನಿಹಿಲ್. ನಾವು ಎಳ್ಳಷ್ಟೂ ಇಲ್ಲ ಅನ್ನುವುದಿಲ್ವಾ? ‘ಇಲ್ಲ’ ಅಂತ ಹೇಳುವುದಕ್ಕೂ ಕಣ್ಣೆದುರು ಒಂದು ವಸ್ತು ಬೇಕಾಗುತ್ತದೆ. ಸ್ಪ್ಯಾನಿಷ್‌ನವರು ಏನೂ ಇಲ್ಲ ಅನ್ನಲು ಬಳಸುವ ‘ನಾದ’ ಬಂದಿರುವುದು ‘ಹುಟ್ಟಿದ ವಸ್ತು’ ಅನ್ನುವ ಲ್ಯಾಟಿನ್ ಮಾತಿನಿಂದ. ಫ್ರೆಂಚಿನ ‘ರಿಯಾಂ’ ಕೂಡ ಮೂಲದಲ್ಲಿ ‘ವಸ್ತು’ವೇ. ಇಷ್ಟು ಸೊಗಸಾದ ಕಥೆಯನ್ನು ಅಳಿಸಿ ಅದರ ಮೇಲೆ ನಿಖಿಲ ಅಂತ ಬರೆದರೆ ಹೊಟ್ಟೆ ಉರಿಯದೆ ಇರುತ್ತಾ?

ಸಂಸ್ಕೃತ, ಲ್ಯಾಟಿನ್ ಎರಡೂ ನೆಂಟರೇ ಅಲ್ವಾ ಅಂತ ಚಿಕ್ಕಪ್ಪ ಕೇಳಿದರು. ಹೌದು, ನೆಂಟರೇ. 1786ರಲ್ಲಿ ಕಲ್ಕತ್ತೆಯಲ್ಲಿ ಭಾಷಾವಿದ್ವಾಂಸ ವಿಲಿಯಂ ಜೋನ್ಸ್ ಹೇಳಿದ್ದೂ ಅದನ್ನೇ. ಸಪ್ತಕ್ಕೆ ಸೆಪ್ಟೆಮ್, ಮಾತೃವಿಗೆ ಮಾತೆರ್. ನಿಹಿಲ್ ಒಳಗಿರುವ ‘ನೆ’ಯೂ ಸಂಸ್ಕೃತದ ‘ನ’ವೂ ಒಂದೇ ಬೇರಿನವು. ನೆಂಟಸ್ತನ ಅಲ್ಲಿಗೆ ಮುಗಿಯಿತು. ‘ಖಿಲ’ ಅಂದರೆ ಉತ್ತ ಹೊಲಗಳ ನಡುವೆ ಬೀಳು ಬಿಟ್ಟ ಜಾಗ, ಖಾಲಿ. ಅಂಥ ಖಾಲಿಯೇ ಇಲ್ಲದ್ದು ನಿಖಿಲ. ಒಂದು ಪದ ಕಾಳಿನ ಚೂರೂ ಇಲ್ಲ ಅನ್ನುತ್ತದೆ, ಇನ್ನೊಂದು ಚೂರು ಜಾಗವೂ ಖಾಲಿ ಇಲ್ಲ ಅನ್ನುತ್ತದೆ. ಕಿವಿಗೆ ಒಂದೇ ಥರ ಕೇಳಿಸಿತು ಅಂತ ಎರಡನ್ನೂ ಗಂಟು ಹಾಕುವುದು ಸಂಸ್ಕೃತಕ್ಕೂ ಅವಮಾನ, ಲ್ಯಾಟಿನ್ನಿಗೂ ಅವಮಾನ.

ಹೆಮ್ಮೆಪಡಬೇಕು ಅಂದರೆ ನಿಜವಾದದ್ದೇ ಕೈಯಲ್ಲಿದೆ. ರೋಮನ್ ಅಂಕಿಗಳಲ್ಲಿ ಸೊನ್ನೆಗೆ ಗುರುತೇ ಇರಲಿಲ್ಲ. ನಮ್ಮ ‘ಶೂನ್ಯ’ವನ್ನು ಅರಬ್ಬರು ‘ಸಿಫ್ರ್’ ಅಂತ ಅನುವಾದ ಮಾಡಿಕೊಂಡರು. 1202ರಲ್ಲಿ ಇಟಲಿಯ ಗಣಿತಜ್ಞ ಫಿಬೊನಾಚಿ ಅದನ್ನು ಲ್ಯಾಟಿನ್ನಿನಲ್ಲಿ ‘ಝೆಫಿರುಮ್’ ಅಂತ ಬರೆದ. ಅದೇ ಮುಂದೆ ‘ಝೀರೋ’ ಆಯಿತು. ಇದನ್ನು ಗ್ರೂಪಿಗೆ ಹಾಕಿ, ಎಷ್ಟು ಸಲ ಬೇಕಾದರೂ ಹಾಕಿ, ಮೊದಲ ಲೈಕ್ ನನ್ನದೇ.